ಗುಂಡನಿಗೆ ಏನು ತಿನ್ನಿಸಲಿ

ಫೆಬ್ರವರಿ 3

ಪ್ರೀತಿಯ ಅಣ್ಣನಿಗೆ,

ನಿನ್ನ ಕೆಮ್ಮು ಹೇಗಿದೆ? ಆ ದ್ವೀಪದ ಹವಾಮಾನ ಠಾಣೆಯವರು ನಿನಗೆ ಸಂಬಳ ಕೊಡುವುದು ಗಾಳಿ ಅಳೆಯುವುದಕ್ಕೆ, ಅದನ್ನು ಎದೆಯೊಳಗೆ ತುಂಬಿಕೊಳ್ಳುವುದಕ್ಕಲ್ಲ. ನಾನು ಕಳಿಸಿದ ಮಫ್ಲರು ಪೆಟ್ಟಿಗೆಯಲ್ಲೇ ಇದೆ ಎಂದು ನನಗೆ ಗೊತ್ತು. ತೆಗೆದು ಸುತ್ತಿಕೋ.

ನಮ್ಮ ಮನೆಗೆ ಹೊಸಬನೊಬ್ಬ ಬಂದಿದ್ದಾನೆ. ನಮ್ಮ ಗುಬ್ಬಿ ಶಾಲೆಯಿಂದ ಬರುವಾಗ ತರಕಾರಿ ಮಾರುಕಟ್ಟೆಯ ಹಿಂದೆ ಸಿಕ್ಕನಂತೆ. ಪಾಟಿಚೀಲದಲ್ಲಿ ಪುಸ್ತಕಗಳ ನಡುವೆ ಕೂರಿಸಿಕೊಂಡು ತಂದಳು. ಬೂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತಾಡುತ್ತದೆ. ಇವರು ಮೊದಲ ದಿನ ಸಿಡಿಮಿಡಿ ಮಾಡಿದರು. "ಮನೆ ತುಂಬಾ ನೀನು ಹೊಲಿಯೋ ಬಟ್ಟೆ, ಕಾಲಿಡೋಕೆ ಜಾಗ ಇಲ್ಲ, ಇದೊಂದು ಬೇರೆ" ಎಂದರು. ಈಗ ಲೇತ್ ಶಾಪಿನಿಂದ ಬಂದವರು ಬೂಟು ಬಿಚ್ಚುವ ಮೊದಲೇ "ಎಲ್ಲಿ ನಮ್ಮ ಗುಂಡ?" ಎಂದು ಹುಡುಕುತ್ತಾರೆ. ಹೆಂಡತಿಯನ್ನು ಹೀಗೆ ಹುಡುಕಿದ್ದು ಮದುವೆಯಾದ ಹೊಸದರಲ್ಲಿ ಮಾತ್ರ.

ಈಗ ವಿಷಯಕ್ಕೆ ಬರುತ್ತೇನೆ. ಇವನಿಗೆ ಏನು ತಿನ್ನಿಸಬೇಕು? ಅಂಗಡಿಯವರು ಎರಡು ತರಹದ್ದು ತೋರಿಸಿದರು. ಒಂದು ಪೊಟ್ಟಣದಲ್ಲಿ ಬರುವ ಒಣ ಕಾಳಿನಂಥದ್ದು, ಇನ್ನೊಂದು ಡಬ್ಬಿಯಲ್ಲಿ ಬರುವ ಮೆತ್ತಗಿನ ಹಸಿ ಆಹಾರ. "ಡ್ರೈ ತಗೊಳ್ಳಿ ಅಕ್ಕ, ಹಲ್ಲಿಗೆ ಒಳ್ಳೇದು" ಎಂದರು ಅವರು. ಪಕ್ಕದ ಮನೆಯ ಮೇಷ್ಟ್ರು, "ಮರಿಗೆ ಹಲ್ಲೆಲ್ಲಿದೆ, ಡಬ್ಬಿದೇ ಹಾಕಿ" ಅನ್ನುತ್ತಾರೆ. ಇವರನ್ನು ಕೇಳಿದರೆ, "ನಾವು ತಿನ್ನೋದನ್ನೇ ತಿನ್ನಲಿ, ಅದೇನು ಮಾವನ ಮನೆಗೆ ಬಂದಿದೆಯಾ" ಎಂದು ಹೇಳಿ ಮಲಗುತ್ತಾರೆ. ಒಣದನ್ನು ಹಾಕಿದರೆ ಗುಂಡ ಅರ್ಧ ತಿಂದು ಅರ್ಧ ನೆಲದ ಮೇಲೆ ಉರುಳಿಸಿ ಆಡುತ್ತಾನೆ.

ನಮ್ಮ ಮನೆಯಲ್ಲಿ ನಾಯಿ ವಿಷಯ ಗೊತ್ತಿರುವವನು ನೀನೊಬ್ಬನೇ. ಚಿಕ್ಕಂದಿನಲ್ಲಿ ಬೀದಿಯಲ್ಲಿ ಯಾವ ನಾಯಿ ಬಂದರೂ ನನ್ನ ಕೈ ಹಿಡಿದು ನಿಲ್ಲಿಸಿ, ಅದು ತಿರುವು ದಾಟುವವರೆಗೆ ನೋಡುತ್ತಾ ನಿಂತಿರುತ್ತಿದ್ದೆ. ಅಪ್ಪ ಒಂದು ದಿನವೂ ಸಾಕಲು ಬಿಡಲಿಲ್ಲ, ಪಾಪ. ಈಗ ಗುಂಡನನ್ನು ನಿನ್ನದೇ ಅಂದುಕೋ. ಒಣದೋ ಹಸಿಯೋ, ಬೇಗ ಬರೆ.

ಗುಬ್ಬಿ "ಮಾವನಿಗೆ ಮುತ್ತು" ಎಂದು ಬರೆಯಲು ಹೇಳಿದಳು. ಗುಂಡನದೂ ಸೇರಿಸಬೇಕಂತೆ.

ನಿನ್ನ ತಂಗಿ


ಫೆಬ್ರವರಿ 8

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಇವತ್ತಿನ ದೋಣಿಯಲ್ಲಿ ಬಂತು. ಅದೇ ದೋಣಿ ತಿರುಗಿ ಹೊರಡುವುದರೊಳಗೆ ಬರೆಯುತ್ತಿದ್ದೇನೆ. ಕೆಮ್ಮು ಕಡಿಮೆಯಾಗಿದೆ. ಮಫ್ಲರು ಕುತ್ತಿಗೆಗೆ ಬಂದಿದೆ.

ಮರಿಗೆ ಎರಡನ್ನೂ ಕೊಡಬಹುದು. ಒಣದು ಕೆಡುವುದಿಲ್ಲ, ಹಲ್ಲಿಗೂ ಒಳ್ಳೆಯದು ಎನ್ನುತ್ತಾರೆ. ಆದರೆ ಎಳೆಯ ಮರಿ ಬೇಕಾದಷ್ಟು ನೀರು ಕುಡಿಯದಿದ್ದರೆ ಹೊಟ್ಟೆ ಕಟ್ಟುತ್ತದೆ. ಒಣದನ್ನು ಬಿಸಿನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಡಬ್ಬಿಯದ್ದು ಒಂದು ಚಮಚ ಕಲಸಿ ಹಾಕು. ಡಬ್ಬಿ ಒಮ್ಮೆ ತೆರೆದರೆ ಹೊರಗೆ ಇಡಬೇಡ.

ಇನ್ನೊಂದು ಮಾತು. ಮಾರುಕಟ್ಟೆಯಲ್ಲಿ ಸಿಕ್ಕ ಮರಿ ಅಂದೆಯಲ್ಲ, ಅದಕ್ಕೆ ಇಂಜೆಕ್ಷನ್ ಹಾಕಿಸಿದಿರಾ? ಅದರ ತಾಯಿ ಯಾವುದು, ಬೇರೆ ಮರಿಗಳು ಏನಾದವು ಎಂದು ಅಲ್ಲಿ ಯಾರನ್ನಾದರೂ ಕೇಳಿ ನೋಡು. ಗುಬ್ಬಿ ಮುಖಕ್ಕೆ ಮುಖ ಇಟ್ಟು ಆಡುವುದು ಬೇಡ. ಊಟ ಹಾಕುವಾಗ ಬಟ್ಟಲಲ್ಲೇ ಹಾಕು. ಮತ್ತೇನೂ ಇಲ್ಲ, ಸುಮ್ಮನೆ ಹೇಳಿದೆ. ಮಕ್ಕಳಿರುವ ಮನೆ.

ಭಾವನಿಗೆ ನಮಸ್ಕಾರ ಹೇಳು. ಗುಬ್ಬಿಯ ಮುತ್ತು ತಲುಪಿತು. ಗುಂಡನದು ಅವನ ಬಳಿಯೇ ಇರಲಿ.

ಅಣ್ಣ


ಫೆಬ್ರವರಿ 13

ಪ್ರೀತಿಯ ಅಣ್ಣನಿಗೆ,

ನಿನ್ನ ಕಾಗದವನ್ನು ಎಲ್ಲರ ಮುಂದೆ ಓದಿದೆ. "ಗುಂಡನದು ಅವನ ಬಳಿಯೇ ಇರಲಿ" ಎಂದು ಕೇಳಿ ಗುಬ್ಬಿಗೆ ಕೋಪ ಬಂತು. ಇವರು, "ನಿಮ್ಮಣ್ಣ ಮಳೆ ಬರುತ್ತೆ ಅಂತ ಹೇಳೋ ಕೆಲಸದವರು, ಮೋಡ ಇಲ್ಲದೆ ಇದ್ರೂ ಛತ್ರಿ ಹಿಡಿಸ್ತಾರೆ" ಎಂದು ನಕ್ಕರು.

ನೆನೆಸಿ ಹಾಕಿದ್ದು ಎರಡು ದಿನ ಚೆನ್ನಾಗಿ ಹಿಡಿಸಿತು. ಮೊನ್ನೆಯಿಂದ ಮತ್ತೆ ತಂಟೆ. ಒಣದನ್ನಂತೂ ಮೂಸುವುದೂ ಇಲ್ಲ. ಡಬ್ಬಿಯದ್ದನ್ನು ಬಾಯಿಗೆ ತೆಗೆದುಕೊಳ್ಳುತ್ತಾನೆ, ನುಂಗದೆ ಬೀಳಿಸುತ್ತಾನೆ. ಬಾಯಿ ಪೂರ್ತಿ ಮುಚ್ಚುವುದೇ ಇಲ್ಲ. ಯಾವಾಗಲೂ ನಗುತ್ತಿರುವ ಹಾಗೆ ತೆರೆದೇ ಇರುತ್ತದೆ, ಜೊಲ್ಲು ಸುರಿಯುತ್ತದೆ. ಹಲ್ಲು ಬರುವ ಮಗುವಿಗೂ ಹೀಗೇ ಅಲ್ಲವೇ? ಗಂಟಲೂ ಒಡೆದಿದೆ, ಬೊಗಳಿದರೆ ಹಳೇ ಬಾಗಿಲಿನ ಸದ್ದು. ಹೊಲಿಗೆ ಮಿಷನ್ನಿನ ಕೆಳಗೆ ಹೋಗಿ ಮಲಗಿದರೆ ಕರೆದರೂ ಬರುವುದಿಲ್ಲ.

ಹಾಗಾಗಿ ನಾನೇ ತೊಡೆಯ ಮೇಲೆ ಕೂರಿಸಿಕೊಂಡು, ಬೆರಳಿನಿಂದ ನಾಲಗೆಯ ಹಿಂದಕ್ಕೆ ಒತ್ತಿ ತಿನ್ನಿಸುತ್ತಿದ್ದೇನೆ. ಹೋಟೆಲಿನ ನೌಕರರ ಸಮವಸ್ತ್ರದ ಕೆಲಸ ಬಂದಿದೆ, ಬರೀ ಗುಂಡಿ ಹೊಲಿಗೆ. ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಜರಡಿಯಾಗಿದೆ, ಅವನ ಜೊಲ್ಲು ತಾಗಿದರೆ ಚುರುಚುರು ಅನ್ನುತ್ತದೆ. ಮಕ್ಕಳನ್ನು ಸಾಕುವುದೆಂದರೆ ಇಷ್ಟೇ ಅಲ್ಲವೇ.

ಇಂಜೆಕ್ಷನ್ ಇನ್ನೂ ಹಾಕಿಸಿಲ್ಲ. ಈ ಬಟ್ಟೆ ಕೊಟ್ಟ ಮೇಲೆ ಹೋಗುತ್ತೇನೆ.

ಒಂದು ಸಂಗತಿ ನಿನಗೆ ಮಾತ್ರ ಹೇಳುತ್ತೇನೆ. ನಿನ್ನೆ ಗುಬ್ಬಿ ಅವನನ್ನು ಎತ್ತಿಕೊಳ್ಳಲು ಹೋದಾಗ ಕೆನ್ನೆಗೆ ಹಲ್ಲು ತಾಗಿಸಿದ. ಕಚ್ಚಿದ್ದಲ್ಲ, ತಾಗಿದ್ದು ಅಷ್ಟೇ. ಕಣ್ಣಿನ ಕೆಳಗೆ ಒಂದು ಗೀರು, ಎರಡು ಹನಿ ರಕ್ತ. ಅರಿಶಿನ ಹಚ್ಚಿದೆ. ಇವರಿಗೆ ಬಾಗಿಲ ಚಿಲಕ ತಾಗಿತು ಅಂದಿದ್ದೇನೆ. ಗೊತ್ತಾದರೆ ಗುಂಡನನ್ನು ಅವತ್ತೇ ಬೀದಿಗೆ ಬಿಡುತ್ತಾರೆ, ಗುಬ್ಬಿ ಊಟ ಬಿಡುತ್ತಾಳೆ. ನೀನೂ ಎಲ್ಲೂ ಬಾಯಿ ಬಿಡಬೇಡ.

ಹಸಿ ಆಹಾರದಲ್ಲಿ ಬೇರೆ ರುಚಿಯ ಡಬ್ಬಿಗಳೂ ಇವೆಯಂತೆ. ಬದಲಾಯಿಸಿ ನೋಡಲೇ?

ನಿನ್ನ ತಂಗಿ


ಫೆಬ್ರವರಿ 16
ದ್ವೀಪದ ಹವಾಮಾನ ಠಾಣೆಯಿಂದ ಬಂದರು ಕಚೇರಿಗೆ ವೈರ್‌ಲೆಸ್. ಈ ವಿಳಾಸಕ್ಕೆ ಕೂಡಲೇ ಆಳು ಕಳಿಸಿ ಮುಟ್ಟಿಸುವುದು.

ನಾಯಿಮರಿಯನ್ನು ಯಾರೂ ಮುಟ್ಟಬೇಡಿ. ಕೊಲ್ಲಬೇಡಿ. ಓಡಿಸಬೇಡಿ. ಕೂಡಿ ಹಾಕಿ. ಕೈ ಮತ್ತು ಮಗುವಿನ ಕೆನ್ನೆಯನ್ನು ಸೋಪು ಹಚ್ಚಿ ಬಹಳ ಹೊತ್ತು ತೊಳೆಯಿರಿ. ಮೂವರೂ ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ಮಗುವಿಗೆ ನಾಯಿ ಕಚ್ಚಿದೆ ಎಂದು ಹೇಳಿ. ಅಣ್ಣ.


ಫೆಬ್ರವರಿ 16

ಪುಟ್ಟಿ,

ವೈರ್‌ಲೆಸ್ ಕಳಿಸಿದೆ. ಅದು ಹವಾಮಾನ ವರದಿಗೆ ಮಾತ್ರ ಇರುವುದು. "ಇದಕ್ಕೆ ಮೇಲಿನವರು ಕೇಳಿದರೆ ಏನು ಹೇಳೋಣ?" ಎಂದರು ನಮ್ಮ ಸಾಹೇಬರು. ನಿನ್ನ ಕಾಗದ ಅವರ ಕೈಗೆ ಕೊಟ್ಟೆ. ಅರ್ಧ ಓದಿದವರು ತಾವೇ ಎದ್ದು ಯಂತ್ರದ ಮುಂದೆ ಕೂತರು.

ಭಾವನಿಗೆ ಹೇಳಬೇಡ ಎಂದು ನೀನು ಅಂದಿದ್ದೆ. ವೈರ್‌ಲೆಸ್‌ನಲ್ಲಿ ಹೇಳಿದ್ದೇನೆ. ಈ ಕಾಗದ ದೋಣಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ಇಷ್ಟರಲ್ಲಿ ನೀವು ಆಸ್ಪತ್ರೆಗೆ ಹೋಗಿ ಬಂದಿರಬೇಕು. ಹೋಗಿಲ್ಲದಿದ್ದರೆ ಇದನ್ನು ಮಡಚಿಟ್ಟು ಈಗಲೇ ಎದ್ದು ಹೋಗು, ಆಮೇಲೆ ಓದು.

ಬಾಯಿ ಮುಚ್ಚಲಾಗದ, ನುಂಗಲಾಗದ, ದನಿ ಒಡೆದ, ಕತ್ತಲಲ್ಲಿ ಅಡಗುವ ನಾಯಿಗೆ ಹುಚ್ಚುನಾಯಿ ರೋಗ ಇರಬಹುದು. ಎಲ್ಲ ನಾಯಿಯೂ ಕಂಡಕಂಡವರ ಮೇಲೆ ಹಾರುವುದಿಲ್ಲ. ಕೆಲವು ಹೀಗೆ ದವಡೆ ಬಿದ್ದು, ಮೆತ್ತಗಾಗಿ ಹೋಗುತ್ತವೆ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದುಕೊಂಡು ಮನೆಯವರು ಬಾಯಿಗೆ ಬೆರಳು ಹಾಕುತ್ತಾರೆ. ಜೊಲ್ಲಿನಲ್ಲೇ ಅದು ಇರುವುದು. ಇದು ಅದೇ ರೋಗ ಎಂದು ನಾನು ಹೇಳುತ್ತಿಲ್ಲ. ಅಲ್ಲ ಎಂದು ಹೇಳಲು ಧೈರ್ಯವಿಲ್ಲ. ಸಮಯಕ್ಕೆ ಇಂಜೆಕ್ಷನ್ ಬಿದ್ದರೆ ಉಳಿಯುತ್ತಾರೆ. ರೋಗ ಕಾಣಿಸಿಕೊಂಡ ಮೇಲೆ ಮನುಷ್ಯನಿಗೆ ಮದ್ದಿಲ್ಲ.

ನನಗೆ ಹೇಗೆ ಗೊತ್ತು ಎಂದು ಕೇಳುತ್ತೀಯ. ನಡುವಣ್ಣ ಜ್ವರದಲ್ಲಿ ಹೋದ ಎಂದು ನಿನಗೆ ಹೇಳಿದ್ದೆವು. ಆಗ ನಿನಗೆ ನಾಲ್ಕು ವರ್ಷ, ಅವನಿಗೆ ಏಳು, ನನಗೆ ಹತ್ತು. ಓಣಿಯಲ್ಲಿ ಒಂದು ಮರಿ ಅವನ ಕೈ ಪರಚಿತ್ತು. ಅದನ್ನು ನಾವು ಯಾರೂ ಲೆಕ್ಕಕ್ಕೇ ಇಡಲಿಲ್ಲ. ತಿಂಗಳು ಕಳೆದ ಮೇಲೆ ಅಮ್ಮ ಲೋಟದಲ್ಲಿ ನೀರು ಕೊಟ್ಟರೆ ಅವನ ಗಂಟಲು ಬಿಗಿದುಕೊಂಡಿತು. ಆಮೇಲೆ ಲೋಟ ಕಂಡರೇ ಕಿರುಚುತ್ತಿದ್ದ. ಕಿಟಕಿಯ ಹೊರಗೆ ನಿಂತು ನಾನು ನೋಡಿದ್ದೇನೆ. ನಿನ್ನನ್ನು ಅತ್ತೆಯ ಮನೆಗೆ ಕಳಿಸಿದ್ದರು. ಯಾರಿಗೂ ಹೇಳಬಾರದೆಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡರು. ಗೊತ್ತಾದರೆ ನಮ್ಮ ಮನೆಯ ಹೊಸಿಲು ಯಾರೂ ತುಳಿಯುವುದಿಲ್ಲ ಎಂಬ ಹೆದರಿಕೆ ಅವರಿಗೆ.

ಬೀದಿಯ ನಾಯಿಗಳನ್ನು ನಾನು ಪ್ರೀತಿಯಿಂದ ನೋಡುತ್ತಿರಲಿಲ್ಲ, ಪುಟ್ಟಿ. ಅವುಗಳ ಬಾಯಿ ಮುಚ್ಚಿದೆಯೋ ಇಲ್ಲವೋ ನೋಡುತ್ತಿದ್ದೆ.

ಅಣ್ಣ


ಫೆಬ್ರವರಿ 19

ಅಣ್ಣಾ,

ಬಂದರಿನ ಜವಾನ ಸೈಕಲ್ಲಿನಲ್ಲಿ ಬಂದಾಗ ನಾನು ಮಿಷನ್ ತುಳಿಯುತ್ತಿದ್ದೆ. ಬಾಗಿಲು ತೆರೆದವರು ಇವರು. ಚೀಟಿ ಓದಿದರು. ಗುಬ್ಬಿಯನ್ನು ಕರೆದು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಕೆನ್ನೆ ನೋಡಿದರು. "ಚಿಲಕ ಅಂದೆಯಲ್ಲ" ಎಂದರು. ಅಷ್ಟೇ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಕೈಗೆ ಕಬ್ಬಿಣದ ಸಲಾಕೆ ತೆಗೆದುಕೊಂಡು ಮಿಷನ್ನಿನ ಹತ್ತಿರ ಬಂದರು. ನಾನು ಅಡ್ಡ ನಿಂತೆ. "ಅಣ್ಣ ಕೊಲ್ಲಬೇಡಿ ಅಂದಿದ್ದಾನೆ, ಓದಿ ನೋಡಿ" ಎಂದೆ. "ನಿಮ್ಮಣ್ಣ ಬಂದು ಸಾಕಲಿ" ಎಂದರು. ಗುಂಡ ನಮ್ಮಿಬ್ಬರ ಕಾಲಿನ ಮಧ್ಯೆ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಕೊನೆಗೆ ಬುಟ್ಟಿ ಮುಚ್ಚಿ, ಹಾಗೇ ತಳ್ಳಿಕೊಂಡು ಹೋಗಿ ಹಿತ್ತಲ ಸೌದೆಕೋಣೆಗೆ ಹಾಕಿದರು.

ಆಸ್ಪತ್ರೆಯಲ್ಲಿ ಗುಬ್ಬಿಯ ಕೆನ್ನೆಯ ಗಾಯದ ಸುತ್ತಲೇ ಸೂಜಿ ಹಾಕಿದರು ಅಣ್ಣಾ. ಕಣ್ಣಿನ ಕೆಳಗೆ. ಇವರು ತಲೆ ಹಿಡಿದರು, ನಾನು ಕಾಲು ಹಿಡಿದೆ. ಅವಳು ಅಳಲೂ ಇಲ್ಲ, ನನ್ನನ್ನೇ ನೋಡುತ್ತಿದ್ದಳು. ನಮ್ಮಿಬ್ಬರಿಗೂ ತೋಳಿಗೆ ಹಾಕಿದರು. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ನಾಯಿ ಬದುಕಿದೆಯಾ?" ಬದುಕಿದೆ ಅಂದೆ. "ಹಾಗಾದ್ರೆ ಅದನ್ನ ಚೆನ್ನಾಗಿ ನೋಡ್ಕೊಳ್ಳಿ. ಕಚ್ಚಿದ ದಿನದಿಂದ ಹತ್ತು ದಿನ ಅದು ಬದುಕಿದ್ರೆ ನಿಮಗೆ ಭಯ ಇಲ್ಲ. ಈ ರೋಗ ಇದ್ದ ನಾಯಿ ಅಷ್ಟು ದಿನ ಉಳಿಯಲ್ಲ."

ಪಶುವೈದ್ಯರು ಬಂದು ಕಿಂಡಿಯಿಂದ ನೋಡಿದರು, ಮುಟ್ಟಲಿಲ್ಲ. ಯಾವುದನ್ನೂ ಖಚಿತವಾಗಿ ಹೇಳಲಾಗದು ಎಂದರು. ಬರೀ ಹಸಿವಿನಿಂದ ಸತ್ತರೂ ಸಾಯಬಹುದು, ಆಗ ತಲೆಯನ್ನು ಪರೀಕ್ಷೆಗೆ ಕಳಿಸಬೇಕು ಎಂದರು. ಗುಬ್ಬಿ ಅಲ್ಲೇ ನಿಂತಿದ್ದಳು.

ಇದನ್ನು ಯಾರಿಗೆ ಹೇಳಲಿ? ಯಾವುದನ್ನು ಕಂಡರೆ ಹೆದರಿಕೆಯಾಗುತ್ತದೋ ಅದೇ ಬದುಕಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಬಟ್ಟೆ ಅಳೆಯುವ ಕೋಲಿನಿಂದ ಬಟ್ಟಲನ್ನು ಒಳಗೆ ತಳ್ಳುತ್ತೇನೆ. ಒಣದು ಹಾಕಿದರೆ ಮುಟ್ಟುವುದಿಲ್ಲ. ಡಬ್ಬಿಯದ್ದು ಹಾಕಿದರೆ ಮೂತಿ ಇಟ್ಟು, ಮುಲುಗಿ, ಹಿಂದಕ್ಕೆ ಹೋಗುತ್ತಾನೆ. ಸಲಾಕೆ ಹಿಡಿದಿದ್ದ ಮನುಷ್ಯ ಈಗ ಕಿಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ತಿನ್ನೋ ಗುಂಡ, ಒಂದು ತುತ್ತು ತಿನ್ನೋ" ಎಂದು ಗೋಗರೆಯುತ್ತಾರೆ. ನನ್ನ ಜೊತೆ ಮಾತಿಲ್ಲ.

ನಿನ್ನ ಕಾಗದ ನಿನ್ನೆ ಬಂತು. ಮೂರು ಸಲ ಓದಿದೆ. ಅತ್ತೆಯ ಮನೆಯಿಂದ ಬಂದ ಮೇಲೆ ನಾನು ಎಷ್ಟು ದಿನ ನಡುವಣ್ಣನ ಚಪ್ಪಲಿ ಹಾಕಿಕೊಂಡು ಓಡಾಡಿದೆನಲ್ಲ, ಆಗ ಹೇಳದಿದ್ದರೆ ಹೋಗಲಿ. ನನಗೆ ಮದುವೆಯಾಯಿತು, ಮಗುವಾಯಿತು. ಅಪ್ಪನೂ ಹೋದರು. ಆಮೇಲೂ ಹೇಳಲಿಲ್ಲ. ಎಂಟನೇ ತಾರೀಕಿನ ಕಾಗದದಲ್ಲಿ "ಮತ್ತೇನೂ ಇಲ್ಲ, ಸುಮ್ಮನೆ ಹೇಳಿದೆ" ಎಂದು ಬರೆದಿದ್ದೀಯ. ಇದೇ ಮಾತನ್ನು ಇದ್ದ ಹಾಗೆ ಬರೆದಿದ್ದರೆ ನಾನು ಆ ಬಾಯಿಗೆ ಬೆರಳು ಇಡುತ್ತಿದ್ದೆನೇ? ಗುಬ್ಬಿಯನ್ನು ಅದರ ಹತ್ತಿರ ಬಿಡುತ್ತಿದ್ದೆನೇ? ನನ್ನನ್ನು ಹೆದರಿಸಬಾರದು ಎಂದು ನೀವೆಲ್ಲ ಸೇರಿ ನನ್ನನ್ನು ಕುರುಡಿ ಮಾಡಿದಿರಿ.

ಇವರಿಗೆ ಚಿಲಕ ಎಂದು ಹೇಳಿದ ನಾನು ಇದನ್ನು ಬರೆಯುತ್ತಿದ್ದೇನೆ ಎನ್ನುವುದೂ ನನಗೆ ಗೊತ್ತು.

ಅದು ತಿನ್ನುತ್ತಿಲ್ಲ. ಏನು ಹಾಕಲಿ ಹೇಳು. ಈ ಸಲ ಇದ್ದದ್ದನ್ನು ಇದ್ದ ಹಾಗೆ ಬರೆ.


ಫೆಬ್ರವರಿ 21

ಪುಟ್ಟಿ,

ನಿನ್ನ ಕಾಗದ ಕೊಟ್ಟು ದೋಣಿಯವನು ನಿಲ್ಲದೆ ಹೋದ, ಗಾಳಿ ಏಳುವ ಸೂಚನೆ ಇತ್ತು. ಸೂಚನೆ ಕೊಟ್ಟವನು ನಾನೇ. ಈಗ ಗಾಳಿ ಎದ್ದಿದೆ. ಯಂತ್ರದ ಕಂಬವೂ ಬಾಗಿದೆ, ವೈರ್‌ಲೆಸ್ ಸತ್ತಿದೆ. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ನಿನಗೆ ಗೊತ್ತಾಗಿರುತ್ತದೆ, ನನಗೆ ಗೊತ್ತಿರುವುದಿಲ್ಲ. ಆದರೂ ಬರೆಯುತ್ತೇನೆ.

ಡಬ್ಬಿಯದ್ದನ್ನು ಬಿಸಿನೀರು ಹಾಕಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಗಂಜಿನೀರಿಗಿಂತ ತೆಳ್ಳಗೆ ಮಾಡಿ ಇಡು. ಗಂಟು ಇರಬಾರದು. ನುಂಗುವ ಶಕ್ತಿ ಇದ್ದರೆ ನೆಕ್ಕುತ್ತದೆ. ಅದು ನೆಕ್ಕಿದರೆ ಒಳ್ಳೆಯ ಲಕ್ಷಣ. ನೆಕ್ಕದಿದ್ದರೆ ಒಳ್ಳೆಯದಲ್ಲ. ಇದ್ದದ್ದು ಇಷ್ಟು.

ನೀನು ಬರೆದದ್ದು ಸರಿ. ನಿನ್ನೆಯಿಂದ ಇಲ್ಲಿ ಅಡುಗೆಯವರು ಲೋಟದಲ್ಲಿ ನೀರು ತಂದಿಟ್ಟರೆ ಗುಬ್ಬಿಯ ಮುಖ ಕಾಣುತ್ತದೆ. ಕುಡಿಯಲು ಆಗುತ್ತಿಲ್ಲ. ಸಾಹೇಬರು ನನ್ನ ಪಾಳಿಯ ಕೆಲಸವನ್ನೂ ತಾವೇ ಮಾಡುತ್ತಿದ್ದಾರೆ. ನನಗೆ ಅಂಕಿ ಓದಲು ಆಗುತ್ತಿಲ್ಲ. ನನಗೆ ಹೆದರಿಕೆಯಾಗಿದೆ ಪುಟ್ಟಿ. ಇದನ್ನು ನಾನು ಯಾರಿಗೂ ಹೇಳಿದ್ದಿಲ್ಲ.

ಅಣ್ಣ


ಫೆಬ್ರವರಿ 24

ಪ್ರೀತಿಯ ಅಣ್ಣನಿಗೆ,

ಗುಂಡ ಬದುಕಿದ್ದಾನೆ. ಗುಬ್ಬಿಗೆ ಏನೂ ಆಗುವುದಿಲ್ಲ. ಮೊದಲು ಇಷ್ಟನ್ನು ಓದಿ ನೀರು ಕುಡಿ.

ನಿನ್ನ ಇಪ್ಪತ್ತೊಂದನೆಯ ಕಾಗದ ಇವತ್ತು ಬೆಳಗ್ಗೆ ಕೈಗೆ ಬಂತು. ಅದು ಬರುವ ಮೊದಲೇ ನಾನು ಮಾಡಿದ್ದೂ ಅದನ್ನೇ. ಬೇರೇನೂ ತೋಚದೆ, ಕಾಯಿಲೆಯವರಿಗೆ ಕೊಡುವ ಹಾಗೆ ನೀರು ಬೆರೆಸಿ, ಹಳೆಯ ತೆಳು ವಾಯಿಲ್ ಬಟ್ಟೆಯಲ್ಲಿ ಸೋಸಿ ಇಟ್ಟೆ. ಇಪ್ಪತ್ತರ ಮಧ್ಯಾಹ್ನ ನಾಲ್ಕು ಸಲ ನೆಕ್ಕಿದ. ಇವರು ಕಿಂಡಿಯಿಂದ ತಿರುಗಿ, "ನೆಕ್ಕಿದ ಕಣೇ" ಎಂದರು. ಅಷ್ಟು ದಿನದಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು. ಆದರೆ ಮಾರನೆಯ ದಿನ ಏಳಲೇ ಇಲ್ಲ. ಸೌದೆಯ ಹಿಂದೆ ಬಾಲದ ತುದಿ ಮಾತ್ರ ಕಾಣುತ್ತಿತ್ತು. ಉಸಿರಾಡುತ್ತಿದೆಯೋ ಇಲ್ಲವೋ ನೋಡಲು ಇವರು ಕೋಲಿಗೆ ಕನ್ನಡಿ ಕಟ್ಟಿ ಒಳಗೆ ಚಾಚಿದರು. ನಾನು ಗುಬ್ಬಿಯನ್ನು ಮೇಷ್ಟ್ರ ಮನೆಗೆ ಕಳಿಸಿದೆ. ಕಳಿಸಿದ ಮೇಲೆ, ನನ್ನನ್ನೂ ಹೀಗೇ ಕಳಿಸಿದ್ದರಲ್ಲ ಎಂದು ನೆನಪಾಗಿ ಹೋಗಿ ಕರೆದುಕೊಂಡು ಬಂದೆ. ಎಲ್ಲ ಹೇಳಿದೆ, ಅವಳಿಗೆ ಅರ್ಥವಾಗುವ ಹಾಗೆ. "ಗುಂಡ ಸತ್ರೆ ನಾನೂ ಸಾಯ್ತೀನಾ?" ಎಂದು ಕೇಳಿದಳು. ಇಲ್ಲ, ಅದಕ್ಕೇ ಇಂಜೆಕ್ಷನ್ ಹಾಕಿಸಿದ್ದು, ಆದರೆ ಅಮ್ಮನಿಗೆ ತುಂಬಾ ಭಯ ಆಗಿದೆ ಎಂದೆ. ನನ್ನ ಮಡಿಲಲ್ಲಿ ಕೂತು ನನ್ನ ಬೆನ್ನು ಸವರಿದಳು.

ಅವತ್ತು ಸಂಜೆ ಮತ್ತೆ ನೆಕ್ಕಿದ. ಇಪ್ಪತ್ತೆರಡು ಕಳೆಯಿತು, ಡಾಕ್ಟರಮ್ಮ ಹೇಳಿದ ಹತ್ತು ದಿನ ಮುಗಿಯಿತು. ನಿನ್ನೆ ಪಶುವೈದ್ಯರು ದಪ್ಪ ಕೈಗವಸು ಹಾಕಿಕೊಂಡು ಒಳಗೆ ಹೋದರು. ಮಂಪರು ಬರಿಸಿ, ಬಾಯಿ ಅಗಲಿಸಿ ಟಾರ್ಚ್ ಬಿಟ್ಟರು. ಅಂಗುಳಕ್ಕೆ ಅಡ್ಡವಾಗಿ, ಎರಡು ಕಡೆಯ ದವಡೆಹಲ್ಲಿನ ನಡುವೆ ಮೂಳೆಯ ಒಂದು ಸೀಳು ಬಿಗಿಯಾಗಿ ಸಿಕ್ಕಿಕೊಂಡಿತ್ತು. ಸುತ್ತ ಮಾಂಸ ಕೊಳೆತು ಕೀವಾಗಿತ್ತು. ಚಿಮಟದಲ್ಲಿ ಹಿಡಿದು ಎಳೆದರು, ನನ್ನ ಕಿರುಬೆರಳಿನಷ್ಟೂ ಉದ್ದವಿರಲಿಲ್ಲ. ಇವರು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಇಷ್ಟಕ್ಕೇನಾ ಸಾರ್?" ಎಂದು ಕೇಳಿದರು. "ಇಷ್ಟಕ್ಕೇ ಆಗಿದ್ದು ನಿಮ್ಮ ಪುಣ್ಯ. ಇದನ್ನ ನೋಡೋಕೆ ಅಂತ ಬಾಯಿಗೆ ಕೈ ಹಾಕಿದವರು ಎಷ್ಟೋ ಜನ ಹೋಗಿದ್ದಾರೆ" ಎಂದರು ವೈದ್ಯರು.

ಉಳಿದ ಇಂಜೆಕ್ಷನ್ ಬೇಕಾಗಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಹಾಕಿಬಿಡಿ ಎಂದು ನಾನೇ ಹಟ ಹಿಡಿದೆ.

ಈಗ ಹುಣ್ಣು ಮಾಯುವವರೆಗೆ ಹಸಿಯದೇ, ಆಮೇಲೆ ನಿಧಾನವಾಗಿ ನೆನೆಸಿದ ಒಣದು. ಗುಂಡ ಬಟ್ಟಲನ್ನೂ ತಿನ್ನುವ ಹಾಗೆ ತಿನ್ನುತ್ತಾನೆ. ಗುಬ್ಬಿ ದೂರದಲ್ಲೇ ಕೂತು, "ಅಮ್ಮ, ಮುಟ್ಟಲಾ?" ಎಂದಳು. ಮೊದಲು ನಾನು ಮುಟ್ಟುತ್ತೇನೆ ಎಂದು ಕೈ ಚಾಚಿದೆ. ಅವನು ಬೆರಳು ನೆಕ್ಕಿದ. ಒಳಗೆ ಹೋಗಿ ಸೋಪು ಹಚ್ಚಿ ಕೈ ತೊಳೆದೆ, ಮತ್ತೆ ತೊಳೆದೆ. ಚರ್ಮ ಸುಲಿಯುವ ಹಾಗಾದಾಗ ಇವರು ಬಂದು ನಲ್ಲಿ ನಿಲ್ಲಿಸಿದರು. "ಚಿಲಕದ ವಿಷಯ ಬಿಟ್ಟುಬಿಟ್ಟೆ. ಇನ್ಮೇಲೆ ಬೇಡ" ಎಂದರು. ಆಯಿತು ಎಂದೆ. ರೋಗವಿಲ್ಲ ಎಂದು ಗೊತ್ತಿದ್ದರೂ ಈ ಭಯ ಎಷ್ಟು ದಿನ ಇರುತ್ತದೆ ಅಣ್ಣಾ? ನಿನಗೆ ಗೊತ್ತಿರಬೇಕು.

ಕಳೆದ ಕಾಗದದಲ್ಲಿ ಬರೆದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಿನ್ನ ಮೇಲೆ ಕೋಪ ಇನ್ನೂ ಇದೆ. ರಜೆ ಸಿಕ್ಕರೆ ಬಾ. ನಡುವಣ್ಣನ ವಿಷಯ ಪೂರ್ತಿ ಹೇಳು. ನೀನು ಬರುವುದಾದರೆ ಗುಂಡನನ್ನು ಕಟ್ಟಿ ಹಾಕಿರುತ್ತೇನೆ.

ನಿನ್ನ ತಂಗಿ


ಮಾರ್ಚ್ 2

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ದೋಣಿಕಟ್ಟೆಯಲ್ಲೇ ನಿಂತು ಓದಿದೆ. ದೋಣಿಯವನು, "ಏನ್ ಸಾರ್, ಕೆಟ್ಟ ಸುದ್ದಿನಾ?" ಎಂದು ನನ್ನ ತೋಳು ಹಿಡಿದುಕೊಂಡ. ಅಲ್ಲ ಎಂದು ಹೇಳಿ, ಅವನ ಹತ್ತಿರ ನೀರು ಕೇಳಿ ಕುಡಿದೆ.

ರಜೆ ಸಿಕ್ಕಿದೆ, ಹದಿನೈದರ ದೋಣಿಗೆ ಹೊರಡುತ್ತೇನೆ. ಕೇಳಿದ್ದನ್ನೆಲ್ಲ ಹೇಳುತ್ತೇನೆ. ನೀನು ಕೇಳದೆ ಇರುವುದೂ ಇದೆ, ಅದನ್ನೂ ಹೇಳುತ್ತೇನೆ. ಭಯ ಎಷ್ಟು ದಿನ ಇರುತ್ತದೆ ಎಂದು ಕೇಳಿದ್ದೀಯ. ನನ್ನದು ಇನ್ನೂ ಹೋಗಿಲ್ಲ. ಆದರೆ ನಾನು ಅದನ್ನು ಒಬ್ಬನೇ ಇಟ್ಟುಕೊಂಡಿದ್ದೆ, ನಿಮ್ಮ ಮನೆಯಲ್ಲಿ ನೀವು ಮೂವರಿದ್ದೀರಿ.

ಗುಂಡನನ್ನು ಕಟ್ಟಬೇಡ. ನಾನು ಬಂದು ಹೊರಗೆ ನಿಂತಿರುತ್ತೇನೆ. ಬೇಗ ಒಳಗೆ ಬಾ ಎಂದು ಯಾರೂ ಕರೆಯಬೇಡಿ. ಗುಬ್ಬಿ ಬೇಕಾದರೆ ಬಂದು ನನ್ನ ಕೈ ಹಿಡಿದುಕೊಳ್ಳಲಿ.

ಅಣ್ಣ